ಕೆಂಪು ಬಣ್ಣ ಇರಲಿ, ‘ತಪ್ಪು’ ಎಂಬ ಅಕ್ಷರವೂ ಇರಲಿ

ಸತ್ತೂರ, ಧಾರವಾಡ, ಹುಬ್ಬಳ್ಳಿ ಸುತ್ತಲಿನ ಹಳ್ಳಿಗಳಿಂದ ಡಿಪ್ಲೊಮಾ, ಬಿಸಿಎ, ಎಂಜಿನಿಯರಿಂಗ್ ಓದಲು ಹೋಗುವ ಮಕ್ಕಳಿಗೆ ಕಂಪ್ಯೂಟರ್ ಲ್ಯಾಬಿನಲ್ಲಿ ಒಂದು ಕಪ್ಪು ಪರದೆ ಎದುರಾಗುತ್ತದೆ. ಅದಕ್ಕೆ ಟರ್ಮಿನಲ್ ಅನ್ನುತ್ತಾರೆ. ಅಲ್ಲಿ ಚಿತ್ರ, ಬಟನ್ ಏನೂ ಇಲ್ಲ. ಆಜ್ಞೆ ಟೈಪ್ ಮಾಡಬೇಕು, ಉತ್ತರ ಅಕ್ಷರದಲ್ಲೇ ಬರುತ್ತದೆ. ಲ್ಯಾಪ್‌ಟಾಪ್ ಇಲ್ಲದವರು ಫೋನಿನಲ್ಲಿ ಟರ್ಮಕ್ಸ್ ಹಾಕಿಕೊಂಡೂ ಇದನ್ನು ಕಲಿಯಬಹುದು.

ಆ ಉತ್ತರಕ್ಕೆ ಬಣ್ಣ ಕೊಡುವುದು ಸುಲಭ. ಅಕ್ಷರದ ಮುಂದೆ ಕಣ್ಣಿಗೆ ಕಾಣದ ಒಂದು ಸಂಕೇತ ಕಳಿಸಿದರೆ ಆಯಿತು: 31 ಅಂದರೆ ಕೆಂಪು, 32 ಹಸಿರು, 33 ಹಳದಿ, 0 ಅಂದರೆ ಮತ್ತೆ ಮೊದಲಿನಂತೆ. 1970ರ ದಶಕದ ಕೊನೆಯ ಈ ಪದ್ಧತಿ ಇಂದಿಗೂ ನಡೆಯುತ್ತಿದೆ. ನೂರು ಸಾಲಿನ ನಡುವೆ ತಪ್ಪಿರುವ ಒಂದು ಸಾಲು ಕೆಂಪಗೆ ಕಂಡರೆ ಹುಡುಕುವ ಕಷ್ಟ ತಪ್ಪುತ್ತದೆ. ಹಾಗಾಗಿ ಬಣ್ಣ ಬೇಡ ಅನ್ನುವವನು ನಾನಲ್ಲ.

ನನ್ನ ತಕರಾರು ಇಷ್ಟೇ ನೋಡ್ರಿ: ಬಣ್ಣವೊಂದನ್ನೇ ನಂಬಿ ವಿಷಯ ಹೇಳಬಾರದು. ಕಡತದ ಹೆಸರು ಹಸಿರಾಗಿದ್ದರೆ ಸರಿ, ಕೆಂಪಾಗಿದ್ದರೆ ತಪ್ಪು ಅಂತ ಪ್ರೋಗ್ರಾಂ ಬರೆದರೆ ಕೆಲವರಿಗೆ ಎರಡೂ ಒಂದೇ.

ಹುಬ್ಬಳ್ಳಿ ನೈಋತ್ಯ ರೈಲ್ವೆಯ ಕೇಂದ್ರ ಕಚೇರಿ ಇರುವ ಊರು. ರೈಲು ಓಡಿಸುವ ಕೆಲಸಕ್ಕೆ ಹೋಗುವವರಿಗೆ ಬಣ್ಣ ಗುರುತಿಸುವ ಪರೀಕ್ಷೆ ಇದೆ. ಬಣ್ಣದ ಚುಕ್ಕೆಗಳ ನಡುವೆ ಅಡಗಿದ ಅಂಕಿಯನ್ನು ಓದಿಸುವ ಪರೀಕ್ಷೆಯನ್ನು ಜಪಾನಿನ ಡಾ. ಇಶಿಹಾರಾ 1917ರಲ್ಲಿ ಪ್ರಕಟಿಸಿದರು. ತನಗೆ ಕೆಂಪು-ಹಸಿರು ಬೇರೆಯಾಗಿ ಕಾಣುವುದಿಲ್ಲ ಅನ್ನುವುದು ಕೆಲವು ಹುಡುಗರಿಗೆ ಇಂಥ ಪರೀಕ್ಷೆಯಲ್ಲೇ ಮೊದಲು ಗೊತ್ತಾಗುತ್ತದೆ. ಇದು ಸಾಮಾನ್ಯವಾಗಿ ಹುಟ್ಟಿನಿಂದಲೇ ಇರುವಂಥದ್ದು, ಗಂಡಸರಲ್ಲೇ ಹೆಚ್ಚು. ಯುರೋಪ್ ಮೂಲದ ಗಂಡಸರಲ್ಲಿ 100ಕ್ಕೆ ಸುಮಾರು 8 ಮಂದಿಗೆ ಇದೆ. ನಮ್ಮಲ್ಲಿ ಅದಕ್ಕಿಂತ ಕಡಿಮೆ, ಆದರೂ ಇದ್ದಾರೆ.

ರೈಲ್ವೆಯ ಷರತ್ತು ನ್ಯಾಯವಾದದ್ದೇ. ರಾತ್ರಿ ದೂರದ ದೀಪ ಮಾತಾಡುವುದು ಬಣ್ಣದಲ್ಲೇ. ಆದರೆ ಹಳೆಯ ಕೈಮರ ಸಿಗ್ನಲ್ ನೆನಪಿರುವ ಹಿರಿಯರನ್ನು ಕೇಳಿ. ಹಗಲಿನಲ್ಲಿ ಕೈ ಅಡ್ಡ ಇದ್ದರೆ ನಿಲ್ಲು, ಇಳಿದಿದ್ದರೆ ಹೋಗು. ಬಣ್ಣ ಗೊತ್ತಾಗದವರಿಗೂ ಅದು ತಿಳಿಯುತ್ತಿತ್ತು. ಟರ್ಮಿನಲ್ಲಿನಲ್ಲಿ ಅಂಥ ಕೈ ಇಡುವುದಕ್ಕೆ ಒಂದು ಪದ ಸಾಕು. ರೈಲ್ವೆಯಲ್ಲಿ ಅವಕಾಶ ತಪ್ಪಿದ ಹುಡುಗ ಕಂಪ್ಯೂಟರ್ ಕಲಿಯಲು ಬಂದರೆ, ಇಲ್ಲೂ ಯಾಕೆ ಅವನಿಗೆ ಅದೇ ಅಡ್ಡಿ?

ಒಳ್ಳೆಯ ಮಾದರಿ ಕಣ್ಣೆದುರೇ ಇದೆ. ಪ್ರೋಗ್ರಾಂ ಬರೆಯುವವರು ಬಳಸುವ ಗಿಟ್, ಅಳಿಸಿದ ಸಾಲನ್ನು ಕೆಂಪಿನಲ್ಲಿ, ಸೇರಿಸಿದ ಸಾಲನ್ನು ಹಸಿರಿನಲ್ಲಿ ತೋರಿಸುತ್ತದೆ. ಜೊತೆಗೆ ಅಳಿಸಿದ್ದಕ್ಕೆ ಕಳೆಯುವ ಚಿಹ್ನೆ, ಸೇರಿಸಿದ್ದಕ್ಕೆ ಕೂಡಿಸುವ ಚಿಹ್ನೆ. ಬಣ್ಣ ತೆಗೆದರೂ ಅರ್ಥ ಉಳಿಯುತ್ತದೆ.

ಇದು ಬಣ್ಣ ಕಾಣದವರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಕಪ್ಪು-ಬಿಳುಪು ಪ್ರಿಂಟಿನಲ್ಲಿ ಬಣ್ಣ ಮಾಯ. ಉತ್ತರವನ್ನು ಕಡತಕ್ಕೆ ಉಳಿಸಿದರೆ ಆ ಗುಪ್ತ ಸಂಕೇತಗಳು ಕಸದಂತೆ ಅಕ್ಷರಗಳ ನಡುವೆ ಕಾಣಿಸಿಕೊಳ್ಳಬಹುದು. ಉತ್ತರ ಪರದೆಗೆ ಹೋಗುತ್ತಿದೆಯೋ ಕಡತಕ್ಕೋ ಎಂದು ನೋಡಿ ಬಣ್ಣ ಹಚ್ಚುವ, ಬಳಸುವವರು ಬೇಡ ಅಂದರೆ ನಿಲ್ಲಿಸುವ ವ್ಯವಸ್ಥೆಯೂ ಪ್ರೋಗ್ರಾಮಿನಲ್ಲಿ ಇರಬೇಕು.

ಲ್ಯಾಬಿನಲ್ಲಿ ಕಲಿಸುವ ಸರ್, ಮೇಡಂ ಇದನ್ನು ಮೊದಲ ಪಾಠದಲ್ಲೇ ಹೇಳಲಿ. ಮನೆಯಲ್ಲಿ ಕಲಿಯುವ ಮಕ್ಕಳಿದ್ದರೆ ನೀವೂ ಹೇಳಿ: ನಿನ್ನ ಪ್ರೋಗ್ರಾಮಿನ ಸ್ಕ್ರೀನ್‌ಶಾಟ್ ತೆಗೆದು ಫೋನಿನಲ್ಲೇ ಕಪ್ಪು-ಬಿಳುಪು ಮಾಡಿ ನೋಡು. ಆಗಲೂ ತಪ್ಪು ಯಾವುದು, ಸರಿ ಯಾವುದು ಅಂತ ಓದಲು ಬಂದರೆ ನೀನು ಬರೆದದ್ದು ಎಲ್ಲರಿಗೂ ಆಯಿತು.