ಅಟ್ಟ ಸೇರಿದ ಧೂಳು ಯಂತ್ರ

ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ವಲಯಗಳಲ್ಲಿ ಎನ್. ಬೇಗೂರು ಒಂದು. ಹೆಗ್ಗಡದೇವನಕೋಟೆ ಸೀಮೆಯ ಈ ಕಾಡಂಚಿನಲ್ಲಿ ಪರಿಸರದ ಮಾತು ಬಂದರೆ ಆನೆ, ಹುಲಿ, ಸೌರಬೇಲಿ, ಕಬಿನಿಯ ಹಿನ್ನೀರು ಇವುಗಳ ಸುತ್ತಲೇ ಚರ್ಚೆ ಸುಳಿಯುತ್ತದೆ. ಇಂಥ ಊರುಗಳ ಓದುಗರ ಮುಂದೆ ಹಳೆಯ ವ್ಯಾಕ್ಯೂಮ್ ಕ್ಲೀನರಿನ ದುರಸ್ತಿಯ ವಿಷಯವನ್ನು ಇಡುವುದು ವಿಚಿತ್ರವೆನಿಸಬಹುದು. ಸಗಣಿ ಸಾರಿಸಿದ ನೆಲಕ್ಕೆ ಆ ಯಂತ್ರ ಒಗ್ಗದು. ಅಂಗಳಕ್ಕೆ ಕಡ್ಡಿ ಪೊರಕೆಯೇ ಸಾಕು. (ಪೊರಕೆಯೇ ಸಾಕೆಂದು ತೀರ್ಪು ಕೊಡುವವರು ಸಾಮಾನ್ಯವಾಗಿ ಸೊಂಟ ಬಗ್ಗಿಸಿ ಗುಡಿಸುವವರಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು.) ಆದರೆ ಗುಜರಿ ಅಂಗಡಿಯ ಮೂಲೆಯಲ್ಲಿ ಬಿದ್ದಿರುವ ಆ ಯಂತ್ರವನ್ನು ಬಿಚ್ಚಿ ನೋಡಿದರೆ, ಹಳ್ಳಿಯ ಮನೆಗಳಲ್ಲಿ ಕೆಟ್ಟು ಕೂತಿರುವ ಮಿಕ್ಸಿಯೊಳಗೆ ಇರುವಂಥದೇ ಮೋಟಾರು ಅದರಲ್ಲೂ ಕಾಣುತ್ತದೆ.

ಈ ಯಂತ್ರ ಹುಟ್ಟಿದ್ದೇ ಹಳೆಯ ಸಾಮಾನಿನಿಂದ. ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ 1901ರಲ್ಲಿ ರೂಪಿಸಿದ ಹೀರುಯಂತ್ರವನ್ನು ಕುದುರೆಗಾಡಿಯ ಮೇಲೆ ಮನೆಯ ಮುಂದೆ ತಂದು ನಿಲ್ಲಿಸಬೇಕಿತ್ತು. ಅದನ್ನು ಮನೆಯೊಳಗೆ ಒಬ್ಬರೇ ತಳ್ಳುವಂತೆ ಮಾಡಿದವನು ಅಮೆರಿಕದ ಒಹಾಯೊ ಪ್ರಾಂತ್ಯದ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್. ಆತ ಕಸ ಗುಡಿಸುವ ನೌಕರ. ಧೂಳಿನಿಂದ ಉಬ್ಬಸ ಹೆಚ್ಚುತ್ತಿತ್ತು. ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ತಲೆದಿಂಬಿನ ಚೀಲ ಇಷ್ಟನ್ನು ಜೋಡಿಸಿ ಆತ ಮಾಡಿದ ಯಂತ್ರಕ್ಕೆ 1908ರಲ್ಲಿ ಪೇಟೆಂಟ್ ದೊರೆಯಿತು. ಅದನ್ನು ಕೊಂಡ ಹೂವರ್ ಕುಟುಂಬದ ಹೆಸರು ಲೋಕಪ್ರಸಿದ್ಧವಾಯಿತು. ಗುಡಿಸುವವನ ಹೆಸರು ಉಳಿಯಲಿಲ್ಲ.

ನಮ್ಮ ದೇಶದಲ್ಲಿ 1982ರಲ್ಲಿ ಆರಂಭವಾದ ಯುರೇಕಾ ಫೋರ್ಬ್ಸ್ ಸಂಸ್ಥೆ ಮನೆಮನೆಗೆ ಮಾರಾಟಗಾರರನ್ನು ಕಳುಹಿಸಿ ಯೂರೋಕ್ಲೀನ್ ಯಂತ್ರವನ್ನು ಪರಿಚಯಿಸಿತು. ಟೈ ಕಟ್ಟಿದ ಯುವಕರು ಹಾಸಿಗೆಯ ಧೂಳನ್ನು ಹೀರಿ ತೋರಿಸಿ ಗೃಹಸ್ಥರನ್ನು ನಾಚಿಸುತ್ತಿದ್ದುದು ಅಂದಿನ ನಗರವಾಸಿಗಳ ನೆನಪಿನಲ್ಲಿ ಇನ್ನೂ ಇದೆ. ಹಾಗೆ ಕೊಂಡ ಯಂತ್ರಗಳಲ್ಲಿ ಎಷ್ಟೋ ಕೆಲವು ತಿಂಗಳು ದುಡಿದು ಅಟ್ಟ ಸೇರಿದವು. ಮನೆ ಬದಲಿಸುವಾಗ ಅವು ಗುಜರಿಗೆ ಇಳಿಯುತ್ತವೆ. ಹೊರಗೆ ತುಕ್ಕು, ಒಳಗೆ ಜಡ್ಡುಗಟ್ಟಿದ ಧೂಳು; ಆದರೆ ಮೋಟಾರು ಅಷ್ಟೇನೂ ಸವೆದಿರುವುದಿಲ್ಲ.

ಇಂಥ ಯಂತ್ರವನ್ನು ತಂದವರು ಮೊದಲು ಮಾಡುವ ತಪ್ಪೆಂದರೆ ಕುತೂಹಲದಿಂದ ನೇರವಾಗಿ ಪ್ಲಗ್ಗಿಗೆ ಹಾಕುವುದು. ವಿದೇಶದಿಂದ ತಂದ ಯಂತ್ರವಾದರೆ ಅದರ ಫಲಕದಲ್ಲಿ 110 ಅಥವಾ 120 ವೋಲ್ಟ್ ಎಂದಿರಬಹುದು. ನಮ್ಮ 230 ವೋಲ್ಟಿಗೆ ಅದು ಕ್ಷಣದಲ್ಲಿ ಸುಟ್ಟುಹೋಗುತ್ತದೆ. ವೈರಿನ ರಬ್ಬರು ಹೊದಿಕೆ ಕಾಲಾಂತರದಲ್ಲಿ ಬಿರುಕು ಬಿಟ್ಟಿರುತ್ತದೆ. ಹಳ್ಳಿಯ ಎಲೆಕ್ಟ್ರೀಷಿಯನ್ನರು ಬಳಸುವ ಸೀರೀಸ್ ದೀಪ ಇಲ್ಲಿ ನೆರವಿಗೆ ಬರುತ್ತದೆ. ಯಂತ್ರದೊಡನೆ ಸರಣಿಯಲ್ಲಿ ಜೋಡಿಸಿದ ತಂತು ಬಲ್ಬು ಉರಿಯದಿದ್ದರೆ ವಿದ್ಯುತ್ತಿನ ದಾರಿ ಎಲ್ಲೋ ತುಂಡಾಗಿದೆಯೆಂದು ಅರ್ಥ: ವೈರು, ಸ್ವಿಚ್ಚು ಅಥವಾ ಕಾರ್ಬನ್ ಬ್ರಶ್. ಲೋಹದ ಮೈಗೆ ಮುಟ್ಟಿಸಿ ಪರೀಕ್ಷಿಸಿದಾಗ ಬಲ್ಬು ಮಿಣುಕಿದರೂ ಸಾಕು, ಆ ಯಂತ್ರ ಅಪಾಯಕಾರಿ. ಮಿಣುಕದ ಮಾತ್ರಕ್ಕೆ ನಿಶ್ಚಿಂತೆಯೂ ಇಲ್ಲ. ಸಣ್ಣ ಸೋರಿಕೆಯನ್ನು ಮೆಗ್ಗರ್ ಮಾತ್ರ ಹಿಡಿಯಬಲ್ಲದು. ಲೋಹದ ಮೈಯ ಯಂತ್ರಕ್ಕೆ ಅರ್ತ್ ತಂತಿ ಇರಲೇಬೇಕು. ಇದೆಲ್ಲ ವಿದ್ಯಾರ್ಥಿಗಳು ತಾವಾಗಿ ಮಾಡುವ ಕೆಲಸವಲ್ಲ, ಬಲ್ಲವರ ಎದುರಿನಲ್ಲಿ ಕಲಿಯತಕ್ಕದ್ದು.

ಬಿಚ್ಚಿದ ಮೇಲೆ ಕಾಣುವುದು ಸರಳ ಸಂಗತಿ. ತಿರುಗುವ ಆರ್ಮೇಚರಿನ ತುದಿಯಲ್ಲಿ ತಾಮ್ರದ ಪಟ್ಟಿಗಳ ಕಮ್ಯುಟೇಟರ್. ಅದಕ್ಕೆ ಎರಡು ಕಡೆಯಿಂದ ಸ್ಪ್ರಿಂಗಿನ ಒತ್ತಡದಲ್ಲಿ ಉಜ್ಜುವ ಕಾರ್ಬನ್ ಬ್ರಶ್ಶುಗಳು. ಬ್ರಶ್ಶು ಸವೆಯುವುದಕ್ಕೆಂದೇ ಇದೆ. ತಾಮ್ರವನ್ನು ಉಳಿಸಲು ಅದು ತಾನು ತೇಯುತ್ತದೆ. ಕಪ್ಪಾದ ತಾಮ್ರವನ್ನು ನುಣುಪು ಮರಳು ಕಾಗದದಿಂದ ಉಜ್ಜಬೇಕು. ಎಮರಿ ಕಾಗದ ಬೇಡ, ಅದರ ಗಟ್ಟಿ ಹರಳುಗಳು ತಾಮ್ರದಲ್ಲಿ ಹೂತುಕೊಂಡು ಬ್ರಶ್ಶನ್ನು ತಿನ್ನುತ್ತವೆ. ಕಿರುಗುಟ್ಟುವ ಬೇರಿಂಗಿನ ಮೇಲೆ ಅದರ ಸಂಖ್ಯೆ ಕೆತ್ತಿರುತ್ತದೆ; ಆ ಸಂಖ್ಯೆ ತೋರಿಸಿದರೆ ಮೈಸೂರಿನ ಬೇರಿಂಗ್ ಅಂಗಡಿಯಲ್ಲಿ ಯಾವ ಕಂಪನಿಯ ಹಂಗೂ ಇಲ್ಲದೆ ಹೊಸದು ಸಿಗುತ್ತದೆ. ಹರಿದ ಚೀಲವನ್ನು ಒತ್ತು ನೇಯ್ಗೆಯ ಬಟ್ಟೆಯಲ್ಲಿ ಊರ ದರ್ಜಿಯೇ ಹೊಲಿದುಕೊಡಬಲ್ಲ.

ಚೀಲದ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. ಚೀಲ ತುಂಬಿ ಗಾಳಿ ಕಟ್ಟಿದಾಗ ಯಂತ್ರದ ಸದ್ದು ಏರುತ್ತದೆ. ಅದು ಜೋರಾಗಿ ದುಡಿಯುತ್ತಿದೆಯೆಂದು ಬಳಸುವವರು ಭಾವಿಸುತ್ತಾರೆ. ವಾಸ್ತವದಲ್ಲಿ ತಳ್ಳಲು ಗಾಳಿಯೇ ಇಲ್ಲದೆ ಭಾರ ಇಳಿದು ಮೋಟಾರು ಬರಿದೇ ಓಡುತ್ತಿರುತ್ತದೆ. ಅನೇಕ ಹಳೆಯ ಮಾದರಿಗಳಲ್ಲಿ ಮೋಟಾರನ್ನು ತಣಿಸುವುದೂ ಅದೇ ಗಾಳಿ. ಅದು ನಿಂತರೆ ವೈಂಡಿಂಗು ಬೇಯುತ್ತದೆ. ಒಲೆಯ ಬೂದಿಯನ್ನು ಹೀರಿಸಬಾರದು. ನುಣ್ಣನೆಯ ಬೂದಿ ಬಟ್ಟೆಯನ್ನು ದಾಟಿ ಬೇರಿಂಗಿಗೆ ಇಳಿಯುತ್ತದೆ, ಕೆಂಡವೊಂದು ಉಳಿದಿದ್ದರೆ ಚೀಲವೇ ಹೊತ್ತಿಕೊಳ್ಳುತ್ತದೆ. ಬ್ರಶ್ಶಿನಿಂದ ಕಿಡಿ ಹಾರುವ ಈ ಮೋಟಾರನ್ನು ಹಿಟ್ಟಿನ ಗಿರಣಿಯ ಧೂಳಿಗೂ ಬಳಸಕೂಡದು.

ಮಿಕ್ಸಿ ದುರಸ್ತಿ ಮಾಡುವ ಚಿಕ್ಕ ಅಂಗಡಿಗಾರನಿಗೆ ಈ ವಿದ್ಯೆಯಲ್ಲಿ ಬಹುಪಾಲು ಈಗಾಗಲೇ ಗೊತ್ತು. ಹಿಂದೆ ಕುಳ ತಟ್ಟುವ ಕಮ್ಮಾರ, ಪಾತ್ರೆಗೆ ಕಲಾಯಿ ಹಾಕುವವರು, ಬೀಸುವ ಕಲ್ಲಿಗೆ ಉಳಿಯಿಂದ ಮತ್ತೆ ಕಚ್ಚು ಹಾಕಿಕೊಡುವವರು ಊರಿನ ಬದುಕಿನ ಭಾಗವಾಗಿದ್ದರು. ಅವರ ಜಾಗದಲ್ಲಿ ಈಗ ನಿಂತಿರುವವನು ಈತ. ಆದರೆ ಇಂದಿನ ಎಷ್ಟೋ ಸಾಮಾನುಗಳಲ್ಲಿ ಸ್ಕ್ರೂ ಬದಲು ಅಂಟು, ಬಿಚ್ಚಿದರೆ ಮುರಿಯುವ ಪ್ಲಾಸ್ಟಿಕ್ ಕೊಂಡಿ, ಬದಲಿಸಲಾಗದ ಬ್ಯಾಟರಿ. ಈ ಚಾಳಿ ಹೊಸದಲ್ಲ. 1920ರ ದಶಕದ ಮಧ್ಯದಲ್ಲಿ ಫೀಬಸ್ ಎಂಬ ಕೂಟ ಕಟ್ಟಿಕೊಂಡ ಬಲ್ಬು ಕಂಪನಿಗಳು ಬಲ್ಬಿನ ಆಯುಷ್ಯವನ್ನು 1000 ಗಂಟೆಗೆ ಇಳಿಸಲು ಒಪ್ಪಂದ ಮಾಡಿಕೊಂಡಿದ್ದವು. ಕಾನೂನು ಮನಸ್ಸು ಮಾಡಿದರೆ ಈ ಚಾಳಿಗೆ ಲಗಾಮು ಹಾಕಬಹುದು. ಐರೋಪ್ಯ ಒಕ್ಕೂಟದ 2013ರ ನಿಯಮ ವ್ಯಾಕ್ಯೂಮ್ ಕ್ಲೀನರಿನ ಮೋಟಾರು ಕನಿಷ್ಠ 500 ಗಂಟೆ ಬಾಳಬೇಕು, ಕೊಳವೆ 40,000 ಬಾರಿ ಬಾಗಿದರೂ ಹರಿಯಬಾರದು ಎಂದು ಅಳತೆ ಹಾಕಿತು. 2024ರಲ್ಲಿ ಅಲ್ಲಿ ಬಂದ ದುರಸ್ತಿ ಹಕ್ಕಿನ ನಿರ್ದೇಶನದ ಪಟ್ಟಿಯಲ್ಲೂ ಈ ಯಂತ್ರವಿದೆ. ನಮ್ಮ ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ದುರಸ್ತಿ ಹಕ್ಕಿನ ಜಾಲತಾಣವೊಂದನ್ನು ತೆರೆಯಿತು; ಕೃಷಿ ಯಂತ್ರಗಳೂ ಅದರ ವ್ಯಾಪ್ತಿಯಲ್ಲಿವೆ. ಜಾಲತಾಣವೇ ಹಕ್ಕಲ್ಲ. ಬಿಡಿಭಾಗ ಕೊಡಲೇಬೇಕೆಂಬ ಗಟ್ಟಿ ಕಾಯಿದೆ ಬರುವ ತನಕ ಪಂಪ್‌ಸೆಟ್ಟಿನ ರೈತನೂ ಮಿಕ್ಸಿಯ ಗೃಹಿಣಿಯೂ ಕಂಪನಿಯ ಮರ್ಜಿಯಲ್ಲೇ ಇರುತ್ತಾರೆ.

ಹಳೆಯದು ವಿದ್ಯುತ್ತನ್ನು ಹೆಚ್ಚು ನುಂಗುತ್ತದೆ ಎಂಬ ಆಕ್ಷೇಪಕ್ಕೆ ಲೆಕ್ಕದಿಂದಲೇ ಉತ್ತರ ಹೇಳಬೇಕು. 1000 ವ್ಯಾಟಿನ ಯಂತ್ರವನ್ನು ವಾರಕ್ಕೆ ಅರ್ಧ ಗಂಟೆ ಓಡಿಸಿದರೆ ವರ್ಷಕ್ಕೆ 26 ಯೂನಿಟ್. ಹೊಸದು ಇದರಲ್ಲಿ ಅರ್ಧ ಉಳಿಸಿದರೂ 13 ಯೂನಿಟ್. ಅಷ್ಟಕ್ಕಾಗಿ ಹೊಸ ತಾಮ್ರ, ಉಕ್ಕು, ಪ್ಲಾಸ್ಟಿಕ್ಕನ್ನು ಭೂಮಿಯಿಂದ ಎತ್ತುವುದು ನಷ್ಟದ ವ್ಯಾಪಾರ. ಫ್ರಿಜ್ಜಿನ ಲೆಕ್ಕ ಬೇರೆ: ಅದು ಹಗಲಿರುಳು ಪ್ಲಗ್ಗಿನಲ್ಲಿರುವುದರಿಂದ ತೀರ ಹಳೆಯದನ್ನು ಬದಲಿಸುವುದೇ ವಿವೇಕವಾಗಬಹುದು. ಹಳತೆಲ್ಲ ಹೊನ್ನೆಂಬ ಭಾವುಕತೆಗೆ ಇಲ್ಲಿ ಸ್ಥಳವಿಲ್ಲ.

ಕಾಡಂಚಿನ ಊರಿಗೆ ಈ ವಿಷಯ ತಟ್ಟುವುದು ಯಂತ್ರ ಸತ್ತ ಮೇಲೆ. ತಾಮ್ರಕ್ಕಾಗಿ ವೈರು ಸುಡುವಾಗ ಪಿ.ವಿ.ಸಿ. ಹೊದಿಕೆಯಿಂದ ಹೈಡ್ರೋಜನ್ ಕ್ಲೋರೈಡ್ ಮತ್ತು ಡಯಾಕ್ಸಿನ್ ಹೊಮ್ಮುತ್ತವೆ. ಬೂದಿ ಮೊದಲ ಮಳೆಗೆ ಹಳ್ಳ ಸೇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು 106 ಬಗೆಯ ಸಾಮಾನುಗಳನ್ನು ಒಳಗೊಂಡು, ಅವುಗಳ ವಿಲೇವಾರಿಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೆ ತಯಾರಕನ ಹೊಣೆ ಪೇಟೆಯ ಸಂಗ್ರಹ ಕೇಂದ್ರದಲ್ಲೇ ನಿಂತರೆ ಹಾಡಿಯ, ಹಳ್ಳಿಯ ಕಸಕ್ಕೆ ವಾರಸುದಾರರಿಲ್ಲ.

ಬೆಂಗಳೂರಿನಲ್ಲಿ 2015ರಿಂದ ರಿಪೇರಿ ಕೆಫೆ ಎಂಬ ಕೂಟ ನಡೆದು ಬಂದಿದೆ; ಮೂಲ ಕಲ್ಪನೆ 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಮೊಳೆತದ್ದು. ಜನ ಕೆಟ್ಟ ಸಾಮಾನು ತರುತ್ತಾರೆ, ಬಲ್ಲವರ ಜೊತೆ ಕೂತು ತಾವೇ ಸರಿಪಡಿಸಲು ಕಲಿಯುತ್ತಾರೆ. ಎನ್. ಬೇಗೂರಿನಂಥ ಊರಿಗೆ ಇದನ್ನು ಹಾಗೆಯೇ ಎತ್ತಿ ತರುವುದು ಸಲ್ಲದು. ನಗರದಲ್ಲಿ ಅದು ರಜೆಯ ದಿನದ ಹವ್ಯಾಸ. ಇಲ್ಲಿ ದುರಸ್ತಿ ಯಾರದೋ ಹೊಟ್ಟೆಪಾಡು. ಪುಕ್ಕಟೆ ಶಿಬಿರ ನಡೆಸಿ ಮಿಕ್ಸಿ ಅಂಗಡಿಯವನ ಗಿರಾಕಿಯನ್ನು ಕಸಿದರೆ ಉಳಿದಿರುವ ಒಬ್ಬ ಗುರುವೂ ಇಲ್ಲವಾಗುತ್ತಾನೆ. ತಿಂಗಳಿಗೊಂದು ಶನಿವಾರ ಶಾಲೆಯಲ್ಲೋ ಪಂಚಾಯಿತಿ ಕಟ್ಟಡದಲ್ಲೋ ಅವನನ್ನು ಕೂರಿಸಿ, ದಿನದ ಕೂಲಿಯನ್ನು ಪಂಚಾಯಿತಿಯೇ ಕೊಟ್ಟು, ಐ.ಟಿ.ಐ. ವಿದ್ಯಾರ್ಥಿಗಳನ್ನು ಪಕ್ಕದಲ್ಲಿ ಕೂರಿಸುವುದು ಮೇಲು. ಗುಜರಿಯಿಂದ ತಂದ ಒಂದು ಹಳೆಯ ವ್ಯಾಕ್ಯೂಮ್ ಕ್ಲೀನರ್ ಕಲಿಕೆಗೆ ಸಾಕು. ಸರಿಯಾದ ಮೇಲೆ ಶಾಲೆಯ ಗ್ರಂಥಾಲಯದ ಕಪಾಟುಗಳಿಗೆ ಅದು ಒದಗುತ್ತದೆ. ಸೀರೀಸ್ ದೀಪಕ್ಕೆ ಎಲ್.ಇ.ಡಿ. ಬಲ್ಬು ಬರುವುದಿಲ್ಲ, ಹಳೆಯ ತಂತು ಬಲ್ಬೇ ಬೇಕು. ಅಂಗಡಿಗಳಲ್ಲಿ ಅದು ಅಪರೂಪವಾಗುತ್ತಿದೆ; ಮನೆಯ ಗೂಡಿನಲ್ಲಿ ನೂರು ವ್ಯಾಟಿನದೊಂದು ಉಳಿದಿದ್ದರೆ ಶಾಲೆಗೆ ತಲುಪಿಸಬಹುದು.