ಕಿರುಜೆಟ್ ಕಲಿಸುವ ಮುಂದಾಲೋಚನೆ

ಮನೆಯ ಮಗನೊಬ್ಬ ರೇಡಿಯೋ ನಿಯಂತ್ರಿತ ಜೆಟ್ ವಿಮಾನದ ಮಾದರಿ ಬೇಕೆಂದು ಹಟ ಹಿಡಿದರೆ ಹಿರಿಯರು ಎರಡರಲ್ಲೊಂದು ಮಾಡುವುದುಂಟು. ಹುಡುಗಾಟವೆಂದು ಗದರುವುದು, ಇಲ್ಲವೇ, ಅನುಕೂಲವಿದ್ದರೆ ಹಣ ತೆತ್ತು ತರಿಸಿಕೊಡುವುದು. ಈ ಎರಡೂ ವಿವೇಕವಲ್ಲವೆಂದು ನಾವು ಭಾವಿಸುತ್ತೇವೆ. ಬೇಡಿದ ವಸ್ತು ಎಂಥದೆಂಬುದನ್ನು ಮೊದಲು ಅರಿಯಬೇಕು.

ಕೈಯಲ್ಲಿ ಹಿಡಿಯಬಹುದಾದ ಆ ಎಂಜಿನ್ನಿನಲ್ಲಿ ದೊಡ್ಡ ಜೆಟ್ಟಿನ ಮುಖ್ಯ ಅಂಗಗಳೆಲ್ಲವೂ ಇವೆ. ಮುಂದಿನ ಚಕ್ರವು ಗಾಳಿಯನ್ನು ಎಳೆದು ಒತ್ತುತ್ತದೆ. ನಡುವೆ ಸೀಮೆಎಣ್ಣೆ ಉರಿಯುತ್ತದೆ. ಕಾದು ಹಿಗ್ಗಿದ ಅನಿಲವು ಹಿಂದಿನ ಟರ್ಬೈನ್ ಚಕ್ರವನ್ನು ತಿರುಗಿಸಿ ರಭಸದಿಂದ ಹೊರನುಗ್ಗುತ್ತದೆ. ಅದರ ಪ್ರತಿಕ್ರಿಯೆಯೇ ವಿಮಾನವನ್ನು ಮುಂದೊತ್ತುವ ಬಲ. ಒಂದೇ ದಂಡಕ್ಕೆ ಜೋಡಿಸಿದ ಆ ಚಕ್ರಗಳು ನಿಮಿಷಕ್ಕೆ 1 ಲಕ್ಷಕ್ಕೂ ಮಿಕ್ಕಿ ಸುತ್ತುತ್ತವೆ. ತೂಕವು ಒಂದು ಬದಿಗೆ ತುಸುವೇ ವಾಲಿದರೂ ಬೇರಿಂಗುಗಳು ಉಳಿಯವು.

ಇಂಥ ಎಂಜಿನ್ನನ್ನು ಹವ್ಯಾಸಿಗಳು ತಾವೇ ಮಾಡಿಕೊಳ್ಳಬಹುದೆಂದು ತೋರಿದವರಲ್ಲಿ ಜರ್ಮನಿಯ ಕುರ್ಟ್ ಶ್ರೆಕ್ಲಿಂಗ್ ಪ್ರಮುಖರು. 1980ರ ದಶಕದ ಕೊನೆಯ ಹೊತ್ತಿಗೆ ಅವರು ರೂಪಿಸಿದ ಎಂಜಿನ್ನಿನಲ್ಲಿ ಗಾಳಿ ಒತ್ತುವ ಚಕ್ರವು ಪ್ಲೈವುಡ್ಡಿನದು. ಸಿಡಿಯದಂತೆ ಅದಕ್ಕೆ ಇಂಗಾಲದ ಎಳೆಯ ಬಿಗಿ. ಗುಡಿಗಾರರ ಉಳಿಯ ಕೆಲಸ ಕಂಡ ಕುಮಟಾ, ಹೊನ್ನಾವರದವರಿಗೆ ಮರವೂ ತಾಳ್ಮೆಯೂ ಕೂಡಿದರೆ ಏನಾಗಬಲ್ಲದೆಂದು ವಿವರಿಸಬೇಕಿಲ್ಲ.

ಈ ವಿದ್ಯೆ ನಮ್ಮ ನಾಡಿಗೂ ಹೊರತಲ್ಲ. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯು ‘ಲಕ್ಷ್ಯ’ವೆಂಬ ಚಾಲಕರಹಿತ ಜೆಟ್ ವಿಮಾನವನ್ನು ನಿರ್ಮಿಸಿತು. ಸೈನಿಕರ ಗುರಿ ಅಭ್ಯಾಸಕ್ಕಾಗಿ ನೆಲದಿಂದಲೇ ನಿಯಂತ್ರಿಸುವ ಇದು 2000ದಲ್ಲಿ ವಾಯುಪಡೆಯನ್ನು ಸೇರಿತು. ಇದರ ಪುಟ್ಟ ಎಂಜಿನ್ನನ್ನು ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆ ರೂಪಿಸಿತು. ಹವ್ಯಾಸಿಯ ಕಿರುಜೆಟ್ಟಿಗೂ ಇದಕ್ಕೂ ಗಾತ್ರ, ಉದ್ದೇಶಗಳು ಬೇರೆ, ತತ್ತ್ವ ಒಂದೇ.

ಜೆಟ್ ಎಂಜಿನ್ನಿಗೆ ಒಂದು ಸ್ವಭಾವವುಂಟು. ಸನ್ನೆ ಕೊಟ್ಟೊಡನೆ ಅದು ಬಲ ನೀಡುವುದಿಲ್ಲ. ಚಕ್ರವು ವೇಗ ಪಡೆಯಲು ಕೆಲವು ಕ್ಷಣ ಬೇಕು. ಇಳಿಯುತ್ತಿರುವ ವಿಮಾನವನ್ನು ಮತ್ತೆ ಮೇಲೇರಿಸಬೇಕಾದರೆ, ಅಪಾಯ ಕಣ್ಣಿಗೆ ಬೀಳುವ ಮುನ್ನವೇ ನಿರ್ಧರಿಸಿರಬೇಕು. ಬೆಂಕಿ ಹೊತ್ತು ಧಾವಿಸುವ ಆ ಯಂತ್ರದ ಕೆಳಗೆ ಮನುಷ್ಯರಿದ್ದಾರೆಂಬುದನ್ನು ಮರೆಯಲಾಗದು. ಲಕ್ಷಗಟ್ಟಲೆ ಹಣವು ಯಂತ್ರವನ್ನು ತಂದೀತು, ಈ ಮುಂದಾಲೋಚನೆಯನ್ನು ತಾರದು.

ಭಟ್ಕಳ, ಹೊನ್ನಾವರ, ಕುಮಟಾಗಳ ಕಡಲತೀರ ವಿಶಾಲವಾಗಿದೆಯೆಂದು ಅಲ್ಲಿಯೇ ಜೆಟ್ ಹಾರಿಸಲು ಹೊರಡುವುದು ತರವಲ್ಲ. ಗಾಳಿಯೊಡನೆ ಮರಳು ಒಳಹೊಕ್ಕರೆ ಚಕ್ರದ ಅಲಗುಗಳು ಸವೆಯುತ್ತವೆ. ಉಪ್ಪುಗಾಳಿ ಲೋಹವನ್ನು ತಿನ್ನುತ್ತದೆ. ಸಣ್ಣ ಗಾಲಿಗಳಿಗೆ ನಯವಾದ ನೀಳ ಓಟಪಥ ಬೇಕು. ಮುರುಡೇಶ್ವರ, ಗೋಕರ್ಣಗಳ ತೀರದಲ್ಲಿ ಯಾತ್ರಿಕರ ಸಂದಣಿ. ಉಳಿದೆಡೆ ಮೀನು ಒಣಗಿಸುವವರು, ಬಲೆ ನೇಯುವವರು. ಅವರ ನೆತ್ತಿಯ ಮೇಲೆ ನಮ್ಮ ವಿನೋದ ಸಲ್ಲದು.

ಹಾಗಾದರೆ ಹುಡುಗನ ಆಸೆಯನ್ನು ಚಿವುಟಬೇಕೆ? ಬೇಡ. ಮಧ್ಯಾಹ್ನದ ಕಡಲಗಾಳಿ ಪಡುವಣ ಗುಡ್ಡದ ಇಳಿಜಾರಿಗೆ ತಾಗಿ ಮೇಲಕ್ಕೇರುತ್ತದೆ. ಬಂದರಿನ ಮೇಲೆ ಹದ್ದು ರೆಕ್ಕೆ ಬಡಿಯದೆ ಸುತ್ತುವುದನ್ನು ಆತ ದಿನವೂ ನೋಡಿದ್ದಾನೆ. ಏರುವ ಗಾಳಿಯನ್ನು ನೆಮ್ಮಿಯೇ ಎಂಜಿನ್ನಿಲ್ಲದ ಗ್ಲೈಡರ್ ಹಾರಬಲ್ಲದು. ಹಗುರವಾದ ಬಾಲ್ಸಾ ಮರದಿಂದ ಅದನ್ನು ತಾನೇ ಕಟ್ಟಲಿ. ಮಳೆಗಾಲ ಕಳೆದ ಮೇಲೆ ನಿರ್ಜನ ಗುಡ್ಡದಲ್ಲಿ ಹಾರಿಸಲಿ. ಮುರಿದರೆ ಅಂಟಿಸಿ ಮತ್ತೆ ಹಾರಿಸಲಿ. 2021ರ ಡ್ರೋನ್ ನಿಯಮಗಳು ಆಕಾಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿವೆ. ಕಾರವಾರದ ನೌಕಾನೆಲೆಯಿರುವ ಈ ಜಿಲ್ಲೆಯಲ್ಲಿ ಆ ನಕ್ಷೆಯನ್ನು ನೋಡದೆ ಯಾವ ಮಾದರಿಯನ್ನೂ ಮೇಲೇರಿಸಬಾರದು.

ಗ್ಲೈಡರನ್ನು ನೆಟ್ಟಗೆ ಇಳಿಸಬಲ್ಲ ಕೈಗೆ ವಿದ್ಯುತ್ ಮೋಟಾರಿನ ಮಾದರಿ ದೊರೆಯಲಿ. ಅದೂ ಪಳಗಿದ ಬಳಿಕ, ಅನುಭವಿಗಳ ಸಂಗಡ, ತಕ್ಕ ಮೈದಾನದಲ್ಲಿ, ಬೆಂಕಿ ನಂದಿಸುವ ಸಾಧನ ಬಳಿಯಿರಿಸಿಕೊಂಡು ಜೆಟ್ಟಿನ ಮಾತು. ಈ ಮೆಟ್ಟಿಲುಗಳನ್ನು ಏರುವ ಹುಡುಗ ಮುಂದೆ ಎಂಜಿನಿಯರನಾಗಬಹುದು, ಆಗದೆಯೂ ಇರಬಹುದು. ಕೈ ಆಡಿಸುವ ಮೊದಲು ಮುಂದಿನದನ್ನು ನೆನೆಯುವ ಅಭ್ಯಾಸವಂತೂ ಅವನಲ್ಲಿ ನಿಲ್ಲುತ್ತದೆ. ತಂದೆತಾಯಿಗಳು ಬೆಲೆ ವಿಚಾರಿಸುವ ಮೊದಲು ಮಗನೊಡನೆ ಒಂದು ಸಂಜೆ ಗುಡ್ಡ ಹತ್ತಿ ಗಾಳಿಯ ದಿಕ್ಕನ್ನು ನೋಡಲಿ.