ಕದ್ದ ಕಥೆಯೋ, ಬಿಟ್ಟ ಕಥೆಯೋ?

ಕಳೆದ ತಿಂಗಳ ಕಾರ್ಯಕಾರಿ ಸಭೆಯಲ್ಲಿ ಒಂದು ಖಂಡನಾ ಠರಾವು ನನ್ನ ಮುಂದೆ ಬಂತು. 'ದಹಾಡ್' ಎಂಬ ಹಿಂದಿ ಧಾರಾವಾಹಿಯು ನಮ್ಮ ಕರಾವಳಿಯಲ್ಲಿ ನಡೆದ ಘಟನೆಯನ್ನು ಕದ್ದು, ರಾಜಸ್ಥಾನದ ಮರಳಿಗೆ ಸಾಗಿಸಿ, ಕನ್ನಡನಾಡಿನ ಹೆಸರನ್ನೇ ಅಳಿಸಿಹಾಕಿದೆಯೆಂದೂ ನಾಗಪುರದ ಕನ್ನಡಿಗರು ಇದನ್ನು ಪ್ರತಿಭಟಿಸುತ್ತಾರೆಂದೂ ಅದರ ಒಕ್ಕಣೆ. ಹನ್ನೊಂದು ಸಹಿಗಳು ಆಗಲೇ ಬಿದ್ದಿದ್ದವು. ಹನ್ನೆರಡನೆಯದನ್ನು ನಾನು ಹಾಕಲಿಲ್ಲ. ಅಂದಿನಿಂದ ಕೆಲವು ಮಿತ್ರರು ನನ್ನೊಡನೆ ಮಾತು ಕಡಿಮೆ ಮಾಡಿದ್ದಾರೆ. ಒಬ್ಬರಂತೂ "ನಿಮಗೆ ಉತ್ತರದ ಗಾಳಿ ಹೊಡೆದಿದೆ" ಎಂದರು. ಮೂವತ್ತೈದು ವರ್ಷ ಈ ಊರಿನ ಕಿತ್ತಳೆ ತಿಂದವನಿಗೆ ಗಾಳಿ ಹೊಡೆಯದೆ ಇದ್ದೀತೆ? ಆದರೆ ಸಹಿ ಹಾಕದ ಕಾರಣ ಅದಲ್ಲ.

ಠರಾವಿಗೆ ಸಹಿ ಹಾಕಿದವರಲ್ಲಿ ಧಾರಾವಾಹಿಯನ್ನು ನೋಡಿದವರೆಷ್ಟು ಎಂದು ಕೇಳಿದಾಗ ಎದ್ದ ಕೈಗಳು ಎರಡು. ನಾನೂ ನೋಡಿರಲಿಲ್ಲವಾದ್ದರಿಂದ ಹೆಚ್ಚು ಮಾತನಾಡುವ ಅಧಿಕಾರ ನನಗಿರಲಿಲ್ಲ. ಮೇ 2023ರಲ್ಲಿ ಅಮೆಜಾನ್ ಪ್ರೈಮಿನಲ್ಲಿ ಬಂದ ಅದರ ಎಂಟು ಕಂತುಗಳನ್ನು ಆ ಮೇಲೆ ಮೂರು ರಾತ್ರಿ ಕುಳಿತು ನೋಡಿ ಮುಗಿಸಿದೆ. ಈ ಲೇಖನ ಆ ಮೂರು ರಾತ್ರಿಗಳ ಫಲ.

ಮೊದಲ ಕಂತು ಮುಗಿಯುವ ಮುನ್ನವೇ ನನಗೆ ಬಂಟ್ವಾಳ ತಾಲೂಕು ಕಾಣತೊಡಗಿತು. ಬಸ್ ನಿಲ್ದಾಣದ ಶೌಚಾಲಯ, ಒಳಗಿನಿಂದ ಅಗುಳಿ ಹಾಕಿದ ಬಾಗಿಲು, ಮದುವಣಗಿತ್ತಿಯಂತೆ ಸಿಂಗರಿಸಿಕೊಂಡ ಹೆಣ್ಣಿನ ಶವ. ನಾನು ಹುಟ್ಟಿದ್ದು ಆ ಸೀಮೆಯಲ್ಲೇ. 'ಸಯನೈಡ್ ಮೋಹನ್' ಎಂದು ಪತ್ರಿಕೆಗಳು ಕರೆದ ಮಾಜಿ ಪ್ರಾಥಮಿಕ ಶಾಲಾ ಶಿಕ್ಷಕನ ಪ್ರಕರಣ ಹಿರಿಯ ಓದುಗರಿಗೆ ನೆನಪಿರಬೇಕು. 2003ರಿಂದ 2009ರವರೆಗಿನ ಅವಧಿಯಲ್ಲಿ ಇಪ್ಪತ್ತು ಮಂದಿ ಯುವತಿಯರು. ವರದಕ್ಷಿಣೆಯಿಲ್ಲದೆ ಮದುವೆಯಾಗುವೆನೆಂಬ ಮಾತು, ಪರವೂರಿನ ವಸತಿಗೃಹದಲ್ಲಿ ಒಂದು ರಾತ್ರಿ, ಮರುದಿನ ಬೆಳಿಗ್ಗೆ ಗರ್ಭನಿರೋಧಕವೆಂದು ಹೇಳಿ ಕೊಟ್ಟ ಗುಳಿಗೆ, ಆಮೇಲೆ ಒಡವೆಗಳೊಡನೆ ಅವನ ಪಲಾಯನ. 2009ರ ಅಕ್ಟೋಬರಿನಲ್ಲಿ ಬಂಧನ. 2013ರಲ್ಲಿ ಮೊದಲ ಶಿಕ್ಷೆ. ಇಪ್ಪತ್ತನೆಯ ಹಾಗೂ ಕೊನೆಯ ಮೊಕದ್ದಮೆಯ ತೀರ್ಪು ಬಂದದ್ದು 2020ರ ಜೂನಿನಲ್ಲಿ. ಆ ಕೊನೆಯ ಮೊಕದ್ದಮೆಯ ಯುವತಿ ಕಾಸರಗೋಡಿನವಳು. ಗಡಿಯಾಚೆಯ ನೆಲದ ಮೇಲೆ ನಮಗೆ ಎಷ್ಟು ಮಮತೆ! ಆದರೂ ಕಾಸರಗೋಡಿನ ಬಗ್ಗೆ ನಾವು ಇದುವರೆಗೆ ಮಾಡಿದ ಠರಾವುಗಳಲ್ಲಿ ಅವಳ ಸುದ್ದಿ ಒಮ್ಮೆಯೂ ಬಂದಿಲ್ಲ.

ಇನ್ನು ಪಾತ್ರಗಳು. ರೀಮಾ ಕಾಗ್ತಿ ಮತ್ತು ಜೋಯಾ ಅಖ್ತರ್ ಸೃಷ್ಟಿಸಿದ ಈ ಕಥೆಯ ನಾಯಕಿ ಅಂಜಲಿ ಭಾಟಿ ದಲಿತ ಹೆಣ್ಣುಮಗಳು, ಪೊಲೀಸ್ ಅಧಿಕಾರಿಣಿ. ತಂದೆ ಮೇಘವಾಲ್ ಎಂಬ ಕುಲನಾಮವನ್ನು ಬದಲಿಸಿ ಮಗಳಿಗೆ ಈ ಹೆಸರನ್ನು ಕೊಟ್ಟಿದ್ದಾನೆ. ಅವಳು ಠಾಣೆಯಲ್ಲಿ ಹಾದುಹೋದರೆ ಸಿಪಾಯಿಯೊಬ್ಬ ಊದುಬತ್ತಿ ಹಚ್ಚುತ್ತಾನೆ. ಒಂದು ಮಾತಿಲ್ಲ, ಬೈಗುಳವಿಲ್ಲ, ಬರೀ ಹೊಗೆ. ಸೋನಾಕ್ಷಿ ಸಿನ್ಹಾಳಿಂದ ಇಷ್ಟು ಸಂಯಮದ ಅಭಿನಯವನ್ನು ನಾನು ನಿರೀಕ್ಷಿಸಿರಲಿಲ್ಲ. ಠಾಣಾಧಿಕಾರಿ ದೇವಿಲಾಲ್ ಸಿಂಗ್ ಆಗಿ ಗುಲ್ಶನ್ ದೇವಯ್ಯ. ನಮ್ಮ ಮನೆಯಾಕೆ ಕೂಡಲೇ "ನಮ್ಮ ಕೊಡಗಿನವ" ಎಂದು ಹಿಗ್ಗಿದಳು. ಬೆಂಗಳೂರಿನಲ್ಲಿ ಹುಟ್ಟಿದ ಆ ಕೊಡವ ರಾಜಸ್ಥಾನಿ ಹಿಂದಿಯಾಡಿದ್ದು ಹೆಮ್ಮೆಯಾಯಿತು, ಕಥೆ ರಾಜಸ್ಥಾನಕ್ಕೆ ಹೋದದ್ದು ಮಾತ್ರ ಕಳವಾಯಿತು, ಇದೆಂತಹ ನ್ಯಾಯವೋ! ನನಗೆ ಎಲ್ಲರಿಗಿಂತ ಹೆಚ್ಚು ಹಿಡಿಸಿದ ಪಾತ್ರ ಪಾರ್ಘಿ ಎಂಬ ಕಿರಿಯ ಅಧಿಕಾರಿಯದು. ಹೆಂಡತಿ ಬಸುರಿಯೆಂದು ತಿಳಿದು ಅವನು ಹಿಗ್ಗುವುದಿಲ್ಲ, ಇಂಥ ಲೋಕಕ್ಕೆ ಮಗುವನ್ನು ತರುವುದೇ ಎಂದು ಅಂಜುತ್ತಾನೆ. ಅವನು ಕಂತಿನಿಂದ ಕಂತಿಗೆ ಮೆಲ್ಲನೆ ಬದಲಾಗುವ ಬಗೆ ಬಲು ಸೊಗಸು.

ದೋಷವಿಲ್ಲವೆಂದಲ್ಲ. ವಿಜಯ್ ವರ್ಮಾನ ಕೊಲೆಗಾರ ಕಾಲೇಜಿನಲ್ಲಿ ಹಿಂದಿ ಸಾಹಿತ್ಯ ಪಾಠ ಮಾಡುವ ಸಭ್ಯ. ಕ್ಯಾಮೆರಾಗೆ ಅವನ ಮೇಲೆ ಒಂದು ಬಗೆಯ ಮೋಹವೇ ಹುಟ್ಟಿಬಿಟ್ಟಿದೆ. ಸತ್ತ ಹೆಂಗಸರಲ್ಲಿ ಬಹುಮಂದಿ ಗೋಡೆಯ ಮೇಲಿನ ಭಾವಚಿತ್ರಗಳಾಗಿಯೇ ಉಳಿಯುತ್ತಾರೆ. ಠರಾವು ಬರೆದವರು ಈ ದೋಷವನ್ನು ಹಿಡಿದಿದ್ದರೆ ನಾನು ಎರಡು ಸಹಿ ಹಾಕುತ್ತಿದ್ದೆ.

ಅವರು ಹಿಡಿದದ್ದು ಭೂಗೋಳವನ್ನು. ಅವರ ಆಕ್ಷೇಪದಲ್ಲಿ ಸತ್ಯವಿಲ್ಲವೆಂದು ನಾನು ಹೇಳುವುದಿಲ್ಲ. ನಿರ್ಮಾಪಕರು ಏನೇ ಹೇಳಲಿ, ಹೋಲಿಕೆಯನ್ನು ಪತ್ರಿಕೆಗಳು ಅಂದೇ ಎತ್ತಿ ತೋರಿದವು. ಬೀಡಿ ಕಟ್ಟುವ ಬೆರಳು, ಮಲ್ಲಿಗೆಯ ಚೆಂಡು, ಜಡಿಮಳೆಯಲ್ಲಿ ಬೆಳಗಿನ ಬಸ್ಸಿಗೆ ಕಾಯುವ ಹುಡುಗಿ, ಇವೆಲ್ಲ ಮಂಡಾವಾದ ಬಿಸಿಲಿನಲ್ಲಿ ಆವಿಯಾಗಿವೆ. ಆದರೆ ಕಳವಾಗಬೇಕಾದರೆ ಒಡೆಯನೊಬ್ಬ ಇರಬೇಕಷ್ಟೆ? ನಾವು ಎಂದು ಆ ಕಥೆಯ ಒಡೆಯರಾಗಿದ್ದೆವು?

2005ರ ಬೇಸಗೆಯಲ್ಲಿ ನಾನು ಊರಿಗೆ ಹೋಗಿದ್ದೆ. ನಮ್ಮ ನೆರೆಯ ಓಣಿಯ ಹುಡುಗಿಯೊಬ್ಬಳು ಒಂದು ತಿಂಗಳಿನಿಂದ ಕಾಣೆಯಾಗಿದ್ದಳು. ಜಗಲಿಯಲ್ಲಿ ಕುಳಿತವರು "ಯಾರೊಂದಿಗೋ ಓಡಿದಳು" ಎಂದು ನಕ್ಕರು. ನಾಗಪುರದಿಂದ ಬಂದ ವಿದ್ಯಾವಂತ ನಾನು, ನಾನೂ ನಕ್ಕೆ. ಆಕೆ ಆ ಇಪ್ಪತ್ತರಲ್ಲಿ ಒಬ್ಬಳಲ್ಲ. ಮುಂಬಯಿಯಲ್ಲಿ ಹೊಲಿಗೆಯ ಕೆಲಸ ಮಾಡುತ್ತಿದ್ದು ಎರಡು ವರ್ಷದ ಮೇಲೆ ಮರಳಿ ಬಂದಳು. ಆದರೆ ಆ ತಿಂಗಳಿನಲ್ಲಿ ಆಕೆಯ ತಾಯಿ ಠಾಣೆಯ ಮೆಟ್ಟಿಲು ಹತ್ತಲಿಲ್ಲ. ನಮ್ಮ ನಗೆ ಜಗಲಿಯಿಂದ ಆ ಮನೆಯ ಒಳಕೋಣೆಯವರೆಗೆ ಕೇಳುತ್ತಿತ್ತು. ಆರು ವರ್ಷ ಒಬ್ಬ ಮನುಷ್ಯ ನಿರಾತಂಕವಾಗಿ ತಿರುಗಾಡಲು ಸಯನೈಡು ಎಷ್ಟು ಕಾರಣವೋ ಅಂಥ ಜಗಲಿಗಳೂ ಅಷ್ಟೇ ಕಾರಣ. 2009ರಲ್ಲಿ ಒಬ್ಬ ಯುವತಿ ಕಾಣೆಯಾದ ಸುದ್ದಿಗೆ ಮತೀಯ ಬಣ್ಣ ಬಂದು ಗುಲ್ಲೆದ್ದ ಮೇಲೆಯೇ ತನಿಖೆ ಬಿರುಸಾಯಿತೆಂಬುದನ್ನು ಮರೆಯಲಾದೀತೆ? 'ದಹಾಡ್' ಈ ಅಂಶವನ್ನು ಕಣ್ಣಿಗೆ ರಾಚುವಂತೆ ತೋರಿಸಿದೆ: ಬಡ ಅಣ್ಣನೊಬ್ಬನ ದೂರಿಗೆ ಕಿವುಡಾಗಿದ್ದ ಊರು, ಹುಡುಗಿಯೊಂದಿಗೆ ಅನ್ಯಮತದ ಹೆಸರು ಕೂಡಿದೊಡನೆ ಬೀದಿಗಿಳಿಯುತ್ತದೆ. ಪರಭಾಷೆಯವರಿಗೆ ಕಂಡದ್ದು ನಮಗೆ ಕಾಣದೆ ಹೋಯಿತೆ? ಕಂಡಿತ್ತು, ಆದರೆ ಹೇಳಲು ನಾಚಿಕೆ.

ನಾವಿರುವ ಈ ಊರನ್ನೇ ನೋಡಿ. 13 ಆಗಸ್ಟ್ 2004ರಂದು ನಾಗಪುರದ ಜಿಲ್ಲಾ ನ್ಯಾಯಾಲಯದೊಳಗೆ ಅಕ್ಕು ಯಾದವ್ ಎಂಬ ಗೂಂಡಾ ಗುಂಪಿನ ಕೈಯಲ್ಲಿ ಸತ್ತ. ಅವನಿಂದ ವರ್ಷಗಟ್ಟಲೆ ನರಳಿದ ಕಸ್ತೂರಬಾ ನಗರದ ಮಹಿಳೆಯರ ಮೇಲೆ ಮೊಕದ್ದಮೆ ನಡೆಯಿತು. ಸಾಕ್ಷ್ಯ ಸಾಲದೆ 2014ರಲ್ಲಿ ಬಿಡುಗಡೆಯಾಯಿತು. 2022ರಲ್ಲಿ ಮರಾಠಿಯ ನಿರ್ದೇಶಕ ಉಮೇಶ್ ಕುಲಕರ್ಣಿ ಈ ಪ್ರಕರಣವನ್ನು ಕುರಿತು ನೆಟ್‌ಫ್ಲಿಕ್ಸ್‌ಗಾಗಿ ಮೂರು ಕಂತುಗಳ ಸಾಕ್ಷ್ಯಚಿತ್ರ ಮಾಡಿದರು. ಊರಿನ ಹೆಸರು ಊರಿನದೇ, ಮಾತು ಆ ವಸತಿಯ ಹೆಂಗಸರದೇ. ಅವರು ಮುಖ ಮುಚ್ಚಿಕೊಳ್ಳದೆ ಕ್ಯಾಮೆರಾದ ಮುಂದೆ ಕುಳಿತರು. ಆದ್ದರಿಂದ ಅವರ ಕಥೆಯನ್ನು ಇನ್ನೊಂದು ರಾಜ್ಯಕ್ಕೆ ಹೊತ್ತೊಯ್ಯುವುದು ಇನ್ನು ಸುಲಭವಲ್ಲ.

"ಇಂಥ ಕೊಳಕು ಕನ್ನಡಕ್ಕೆ ಬೇಡ" ಎಂದು ಹಿರಿಯರೊಬ್ಬರು ಸಭೆಯಲ್ಲಿ ಹೇಳಿದರು. ಕದ್ದರೆಂದು ಬೊಬ್ಬೆ, ಬೇಡವೆಂದು ಮಡಿ: ಎರಡೂ ಒಂದೇ ಬಾಯಿಯಿಂದ! 1998ರಲ್ಲಿ ಟಿ. ಎನ್. ಸೀತಾರಾಂ, ಪಿ. ಶೇಷಾದ್ರಿ, ನಾಗೇಂದ್ರ ಶಾ ಸೇರಿ 'ಮಾಯಾಮೃಗ' ಮಾಡಿದರು. ಮುಂದೆ ಸೀತಾರಾಂ ಅವರ 'ಮುಕ್ತ'ದಲ್ಲಿ ನ್ಯಾಯಾಲಯದ ವಾದ ಪ್ರತಿವಾದಗಳಿಗೆ ಮನೆಮಂದಿಯೆಲ್ಲ ಕಿವಿಗೊಟ್ಟು ಕೂರುತ್ತಿದ್ದರು. ಗಂಭೀರವಾದದ್ದನ್ನು ಕನ್ನಡ ಕಿರುತೆರೆ ತಾಳಲಾರದೆಂಬ ಮಾತು ಸುಳ್ಳು. 2025ರಲ್ಲಿ 'ಅಯ್ಯನ ಮನೆ', 'ಶೋಧ' ಎಂಬ ರೋಚಕ ಕನ್ನಡ ಸರಣಿಗಳು ಝೀ ಫೈವ್‌ನಲ್ಲಿ ಬಂದವು. ಅವುಗಳನ್ನು ನಮ್ಮ ಸಂಘದಲ್ಲಿ ಎಷ್ಟು ಮಂದಿ ನೋಡಿದಿರಿ? ಅದೇ ವರ್ಷದ ಡಿಸೆಂಬರಿನಲ್ಲಿ ಮಮ್ಮುಟ್ಟಿಯವರ 'ಕಳಂಕಾವಲ್' ತೆರೆಗೆ ಬಂದಾಗ ಅದರಲ್ಲಿಯೂ ಇದೇ ಮೋಹನನ ನೆರಳಿದೆಯೆಂದು ಮಾತಾಯಿತು. ಹಿಂದಿಯಾಯಿತು, ಮಲಯಾಳವಾಯಿತು. ಇನ್ನೊಂದು ಠರಾವು ಸಿದ್ಧಪಡಿಸೋಣವೆ?

ನಾಗಪುರದಲ್ಲಿಯೇ ಹುಟ್ಟಿದ ನನ್ನ ಮೊಮ್ಮಗಳು ಕೊನೆಯ ಕಂತು ನೋಡುವಾಗ ಪಕ್ಕದಲ್ಲಿದ್ದಳು. ಅಂಜಲಿ ತನ್ನ ಹಳೆಯ ಕುಲನಾಮವನ್ನು ಮರಳಿ ಪಡೆಯಲು ಅರ್ಜಿಯ ಮುಂದೆ ಕುಳಿತ ಹೊತ್ತು. "ಅಜ್ಜಾ, ಇದು ನಿಮ್ಮ ಊರಿನದಂತೆ, ನಿಜವೆ? ಆ ಹುಡುಗಿಯರ ಹೆಸರೇನು?" ಎಂದು ಕೇಳಿದಳು. ಕೊಲೆಗಾರನ ಹೆಸರು ನನ್ನ ನಾಲಗೆಯ ತುದಿಯಲ್ಲಿತ್ತು. ಉಳಿದ ಇಪ್ಪತ್ತರಲ್ಲಿ ಒಂದೂ ಬರಲಿಲ್ಲ.

ಠರಾವಿನ ಕಾಗದ ಇನ್ನೂ ಕಾರ್ಯದರ್ಶಿಗಳ ಕಪಾಟಿನಲ್ಲಿದೆ. 'ಕದ್ದಿದೆ' ಎಂಬ ಪದವನ್ನು ಹೊಡೆದುಹಾಕಿ 'ನಾವು ಹೇಳಲಿಲ್ಲ' ಎಂದು ತಿದ್ದಲು ಸದಸ್ಯರು ಒಪ್ಪಿದರೆ, ಮುಂದಿನ ಸಭೆಗೆ ನಾನು ಲೇಖನಿಯೊಡನೆ ಬರುತ್ತೇನೆ.